ನಡುದಾರಿಯಲ್ಲಿ ನಿಲ್ಲುತ್ತಿದ್ದ ವ್ಯಾನು

ನಮ್ಮ ವ್ಯಾನು ಸೀಮೆಯದು, ಹಡಗಿನಲ್ಲಿ ಬಂದದ್ದು ಎಂದು ಮಾವನವರು ಮನೆಗೆ ಬಂದ ನೆಂಟರಿಗೆಲ್ಲ ಹೇಳುತ್ತಿದ್ದರು. ಹಡಗು ಇಳಿದ ಮೇಲೆ ಅದು ಯಾರ‍್ಯಾರ ಕೈ ದಾಟಿ ನಮ್ಮ ಶಿಡ್ಲಘಟ್ಟಕ್ಕೆ ಬಂತೋ ದೇವರಿಗೇ ಗೊತ್ತು. ಕೊನೆಗೆ ಯಾವುದೋ ದೂರದೂರಿನ ಆಸ್ಪತ್ರೆಯವರು ಇನ್ನು ಸಾಕೆಂದು ಬಿಟ್ಟಿದ್ದನ್ನು ಮಾವನವರು ತಂದರು. ಹಳೇ ಬೆಣ್ಣೆಯ ಬಣ್ಣ, ಚಪ್ಪಟೆ ಮೂತಿ. ಒಳಗೆ ಓಡಿಸುವವರಿಗೂ ಪಕ್ಕದಲ್ಲಿ ಕೂತವರಿಗೂ ನಡುವೆ ಒಂದು ದೊಡ್ಡ ತಗಡಿನ ಡಬ್ಬ, ಅದರೊಳಗೆ ಡೀಸೆಲ್ ಎಂಜಿನ್ನು. ಗಂಡ ಹೆಂಡತಿ ಕೂತರೆ ನಡುವೆ ಅತ್ತೆ ಕೂತ ಹಾಗೆ. ಹಿಂದೆ ರೋಗಿಗಳನ್ನು ಮಲಗಿಸುತ್ತಿದ್ದ ಜಾಗದಲ್ಲಿ ನಾವು ರೇಷ್ಮೆಗೂಡಿನ ಬುಟ್ಟಿಗಳನ್ನು ಪೇರಿಸುತ್ತಿದ್ದೆವು. ಪಕ್ಕದ ತಗಡಿನ ಮೇಲೆ ಮೊದಲಿದ್ದ ಇಂಗ್ಲಿಷ್ ಬರಹವನ್ನು ಬಣ್ಣ ಬಳಿದು ಮುಚ್ಚಿದ್ದರೂ ಸಂಜೆಯ ಓರೆ ಬಿಸಿಲಿಗೆ ಅಕ್ಷರಗಳು ಒಳಗಿನಿಂದ ಎದ್ದು ಬರುತ್ತಿದ್ದವು. ಅದನ್ನು ಓದಬಲ್ಲವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ.

ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ ಅದು. ನಾನು ಚಿಂತಾಮಣಿ ಆಚೆಯ ಹಳ್ಳಿಯವಳು, ಮದುವೆಯಾಗಿ ಶಿಡ್ಲಘಟ್ಟಕ್ಕೆ ಬಂದವಳು. ನಮ್ಮ ಮಾವನವರದು ಜಮೀನಿನ ಜೊತೆಗೆ ಗೂಡಿನ ವ್ಯಾಪಾರ. ಹಳ್ಳಿಹಳ್ಳಿ ಸುತ್ತಿ ರೈತರ ಮನೆಯ ಗೂಡು ತುಂಬಿಕೊಂಡು ಬಂದು ಊರಿನ ನೂಲು ಬಿಚ್ಚುವವರಿಗೆ ಕೊಡುವುದು. ವ್ಯಾನು ಓಡಿಸುತ್ತಿದ್ದವರು ನಮ್ಮ ಮನೆಯವರು. ನನಗೆ ಬಾಯಿ ಎಷ್ಟು ಉದ್ದವೋ ಅವರಿಗೆ ಅಷ್ಟೇ ಮೋಟು. ಮಾತಾಡಿದರೆ ಮುತ್ತು ಉದುರೀತು ಎನ್ನುವ ಜಾತಿ. ನಾನು ಒಂದು ಗಂಟೆ ವಟಗುಟ್ಟಿದರೆ, "ಹ್ಞೂಂ, ಆಮೇಲೆ?" ಅನ್ನುತ್ತಿದ್ದರು. ಆ "ಆಮೇಲೆ"ಯೇ ನನಗೆ ಹಬ್ಬ.

ಬಾಣಂತನಕ್ಕೆ ನನ್ನನ್ನು ತವರಿಗೆ ಬಿಡಲು ಹೊರಟಿದ್ದು ಅದೇ ವ್ಯಾನಿನಲ್ಲಿ. ಮಡಿಲಲ್ಲಿ ಒಂದು ಗಂಟು ಇಟ್ಟುಕೊಂಡಿದ್ದೆ. ಗೂಡಿನ ಮೇಲೆ ಹತ್ತಿಯ ಹಾಗೆ ಸಡಿಲವಾಗಿ ಅಂಟಿಕೊಂಡಿರುತ್ತದಲ್ಲ, ನೂಲಿಗೆ ಬಾರದ ರೇಷ್ಮೆ, ಅದನ್ನು ನಾವು ಜುಂಗು ಅನ್ನುತ್ತಿದ್ದೆವು. ಹುಟ್ಟುವ ಮಗುವಿಗೆ ತಲೆದಿಂಬು ಮಾಡಲು ಅತ್ತೆ ಅದನ್ನು ಕೂತು ಕೂತು ಬಿಡಿಸಿ ಕೊಟ್ಟಿದ್ದರು. ದಾರಿಯಲ್ಲಿ ಮನೆಯವರು ತಗಡಿನ ಡಬ್ಬಿಯಿಂದ ಟ್ಯಾಂಕಿಗೆ ಡೀಸೆಲ್ ಹುಯ್ದು, ಮುಚ್ಚಳವನ್ನು ಮಡ್‌ಗಾರ್ಡಿನ ಮೇಲಿಟ್ಟು ಮರೆತು ಬಂದಿದ್ದರು. ಚಿಂತಾಮಣಿಯಲ್ಲಿ ಇಳಿದು ನೋಡಿದರೆ ಟ್ಯಾಂಕು ಬಾಯಿ ಬಿಟ್ಟುಕೊಂಡು ಕೂತಿದೆ.

ಅವರು ನನ್ನ ಕಿಟಕಿಗೆ ಬಂದು ಕೈಚಾಚಿದರು. "ಅದ್ರಾಗೆ ಒಂದಿಷ್ಟು ಕೊಡೇ" ಎಂದು ಗಂಟಿನಿಂದ ಒಂದು ಹಿಡಿ ಕಿತ್ತುಕೊಂಡರು.

"ಮಗೂ ದಿಂಬು ಚಿಕ್ಕದಾಗ್ತದೆ ಕಣ್ರೀ!"

"ನಿನ್ ಮಗೂ ತಲೆ ಏನು ಕುಂಬಳಕಾಯಿ ಗಾತ್ರ ಇರ್ತದಾ? ಸಾಕು ಬಿಡೇ" ಎಂದು ನಕ್ಕು, ಜುಂಗನ್ನು ಉಂಡೆ ಮಾಡಿ ಟ್ಯಾಂಕಿನ ಬಾಯಿಗೆ ತುರುಕಿದರು.

ಬೇರೆ ಊರಿನವರಾಗಿದ್ದರೆ ಬಟ್ಟೆ ಸುತ್ತುತ್ತಿದ್ದರು, ಇಲ್ಲವೇ ಮರದ ಬಿರಡೆ ಕೆತ್ತುತ್ತಿದ್ದರು. ನಮ್ಮೂರಿನವರಿಗೆ ತೂತು ಕಂಡರೆ ಕೈ ಜುಂಗಿಗೇ ಹೋಗುತ್ತದೆ. ಇಲಿ ಬಿಲಕ್ಕೆ ಜುಂಗು, ಕಿಟಕಿಯ ಸಂದಿಗೆ ಜುಂಗು, ಎಣ್ಣೆ ಬುಡ್ಡಿಯ ಬಾಯಿಗೆ ಜುಂಗು, ಚಳಿ ಬಂದರೆ ಮಾವನವರ ಎರಡೂ ಕಿವಿಗೆ ಜುಂಗು. ರೇಷ್ಮೆ ಏನನ್ನೂ ಕೆಡಿಸುವುದಿಲ್ಲ ಎಂದು ನಮಗೆ ಅಷ್ಟು ನಂಬಿಕೆ. ನನ್ನ ತವರು ಮುಟ್ಟಿದಾಗ ನೋಡಿದರೆ ಉಂಡೆ ಇರಲಿಲ್ಲ. "ಕುಲುಕಾಟಕ್ಕೆ ಎಲ್ಲೋ ಬಿದ್ದೋಗೈತೆ" ಎಂದು ಮತ್ತಷ್ಟು ಕಿತ್ತು ತುರುಕಿಕೊಂಡು ಹೋದರು. ಆಮೇಲೆ ಚಿಕ್ಕಬಳ್ಳಾಪುರದಲ್ಲಿ ಹೊಸ ಮುಚ್ಚಳ ಸಿಕ್ಕಿತಂತೆ. ಆ ವಿಷಯ ಅಲ್ಲಿಗೆ ಎಲ್ಲರಿಗೂ ಮರೆತುಹೋಯಿತು.

ಮಗು ದಿನ ತುಂಬುವ ಮೊದಲೇ ಬಂತು. ಹೆಣ್ಣು. ಅಂಗೈಯಲ್ಲಿ ಹಿಡಿಸುವಷ್ಟು. ಅದರ ಉಸಿರು ಬಂದು ಹೋಗುವುದನ್ನು ನೋಡುತ್ತಾ ನಾನೂ ಅದರ ಜೊತೆಗೇ ಉಸಿರಾಡುತ್ತಿದ್ದೆ. ಸೂಲಗಿತ್ತಿ ಮುಖ ತಿರುಗಿಸಿಕೊಂಡಾಗ ಅಣ್ಣನಿಗೆ ಅರ್ಥವಾಯಿತು. ಬೆಳಗಿನ ಬಸ್ಸಿನ ಕಂಡಕ್ಟರನ ಬಳಿ, ಮಗು ಉಳಿಯುವ ಹಾಗಿಲ್ಲ, ಭಾವ ಈ ಕ್ಷಣವೇ ಹೊರಟು ಬರಲಿ ಎಂದು ಹೇಳಿ ಕಳಿಸಿದ. ಬಸ್ಸು ಹೋಯಿತು. ಸುದ್ದಿ ಮುಟ್ಟಿತು. ನಾನು ಬಾಗಿಲಿನ ಕಡೆಗೇ ಕಿವಿ ಇಟ್ಟುಕೊಂಡು ಮಲಗಿದ್ದೆ. ಆ ವ್ಯಾನಿನ ಸದ್ದು ದೂರದಿಂದಲೇ ಗೊತ್ತಾಗುತ್ತಿತ್ತು, ತಗಡಿನ ಡಬ್ಬದಲ್ಲಿ ಹುರಿಗಾಳು ಕುಲುಕಿದ ಹಾಗೆ. ಮಧ್ಯಾಹ್ನ ಮಗು ಹೋಯಿತು. ಅಣ್ಣ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ರಸ್ತೆಯ ಪಕ್ಕದ ನಮ್ಮ ಹೊಲದ ಬದುವಿಗೆ, ಹೊಂಗೆ ಮರದ ಬುಡಕ್ಕೆ ತೆಗೆದುಕೊಂಡು ಹೋದ. ವ್ಯಾನಿನ ಸದ್ದು ಕೇಳಿದ್ದು ದೀಪ ಹಚ್ಚುವ ಹೊತ್ತಿಗೆ.

"ಬೆಳಗ್ಗೆ ಹೊರಟೋರು ಈಗ ಬರೋದಾ ಭಾವ? ನಡ್ಕೊಂಡ್ ಬಂದಿದ್ರೂ ಬಂದುಬಿಡಬಹುದಾಗಿತ್ತಲ್ಲ!" ಅಣ್ಣ ಅಂಗಳದಲ್ಲಿ ಕೇಳಿದ್ದು ನನಗೆ ಒಳಗೆ ಕೇಳಿಸಿತು.

"ವ್ಯಾನು ನಿಂತೋಯ್ತು" ಎಂದರು ನಮ್ಮವರು. ಅಷ್ಟೇ.

ಅಣ್ಣನಿಗೆ ನಂಬಿಕೆ ಬರಲಿಲ್ಲ. ಹೋಗಿ ಕೀಲಿ ತಿರುಗಿಸಿದನಂತೆ. ಆ ಹಾಳಾದ್ದು ಒಂದೇ ಸಲಕ್ಕೆ ಗುರುಗುಟ್ಟುತ್ತಾ ಎದ್ದಿತು. ನನಗೆ ಆ ಸದ್ದು ಈಗಲೂ ಕೇಳಿಸುತ್ತದೆ. ನೀರು ಕಾಯಿಸುತ್ತಿದ್ದ ಪಕ್ಕದ ಮನೆಯಾಕೆ ಇನ್ನೊಬ್ಬಳಿಗೆ, "ಹೆಣ್ಣು ಅಂತ ತಿಳೀತಲ್ಲ, ನಿಧಾನಕ್ಕೆ ಬಂದವ್ರೆ" ಎಂದು ಪಿಸುಗುಟ್ಟಿದಳು. ಅದೂ ಕೇಳಿಸಿತು. ಮಗುವಿನ ಮುಖವನ್ನು ಅವರು ನೋಡಲೇ ಇಲ್ಲ. ಹೇಗಿತ್ತು ಎಂದು ನನ್ನನ್ನು ಕೇಳಲೂ ಇಲ್ಲ.

ಅವತ್ತಿನಿಂದ ನನಗೆ ಬೇಕಾಗಿದ್ದುದು ಒಂದೇ ಒಂದು. ಆ ವ್ಯಾನು ದಾರಿಯಲ್ಲಿ ನಿಜವಾಗಿ ನಿಂತಿತ್ತೇ, ಇಲ್ಲವೇ? ನಿಂತಿತ್ತು ಅಂದರೆ ಅದು ಯಂತ್ರದ ಹಣೆಬರಹ, ಅತ್ತು ಸುಮ್ಮನಾಗಬಹುದು. ನಿಂತಿರಲಿಲ್ಲ ಅಂದರೆ ಆ ಮನುಷ್ಯನ ಪಕ್ಕದಲ್ಲಿ ನಾನು ಹೇಗೆ ಬಾಳಲಿ? ಊರಿನವರ ಮೇಲೆಲ್ಲ ರೇಗುವ ನನ್ನ ಬಾಯಿಗೆ ಈ ಒಂದು ಪ್ರಶ್ನೆ ಮಾತ್ರ ಬರಲಿಲ್ಲ. ಕೇಳಿದರೆ ಅವರು "ಹ್ಞೂಂ" ಅನ್ನುತ್ತಾರೆ. ಆ "ಹ್ಞೂಂ" ನನಗೆ ಸಾಲದು.

ಶಿಡ್ಲಘಟ್ಟಕ್ಕೆ ವಾಪಸಾದ ಮೇಲೆ ನೋಡುತ್ತೇನೆ, ಇವರು ಬಿಡುವಾದಾಗಲೆಲ್ಲ ವ್ಯಾನು ಬಿಚ್ಚಿಕೊಂಡು ಕೂತಿರುತ್ತಾರೆ. ತಗಡಿನ ಡಬ್ಬ ಎತ್ತಿಟ್ಟು ಒಳಗೆ ತಲೆ ಹಾಕಿದರೆ ಊಟಕ್ಕೆ ಕರೆದರೂ ಕೇಳುತ್ತಿರಲಿಲ್ಲ. ಚಿಕ್ಕಬಳ್ಳಾಪುರದ ಬಸ್ ಸ್ಟಾಂಡಿನ ಹತ್ತಿರ ಒಬ್ಬ ಮೆಕ್ಯಾನಿಕ್ ಇದ್ದರು, ಮಿಲಿಟರಿ ಲಾರಿಗಳನ್ನು ರಿಪೇರಿ ಮಾಡಿ ಬಂದವರು, ಅರ್ಧ ತೆಲುಗು ಅರ್ಧ ಕನ್ನಡ ಮಾತಾಡುವವರು. ಅವರು ಫಿಲ್ಟರು ಬದಲಾಯಿಸಿದರು. ಡೀಸೆಲ್ ಚಿಮ್ಮಿಸುವ ನಾಜಲುಗಳನ್ನು ಬಿಚ್ಚಿ ತೊಳೆದರು. ಪೈಪುಗಳಲ್ಲಿ ಗಾಳಿ ಸೇರಿದೆಯೆಂದು ಗಾಳಿ ತೆಗೆದರು. ಪಂಪು ಕಳಚಿ ಮತ್ತೆ ಕೂರಿಸಿದರು. ಆಮೇಲೆ ತಾವೇ ಕೂತು ಸಂತೆಬೀದಿಯ ಜನರ ನಡುವೆ ಮೆಲ್ಲಗೆ ಒಂದು ಸುತ್ತು ಹೊಡೆದು ಬಂದರು. "ಏಮಿ ಲೇದಪ್ಪಾ, ಬಂಡಿ ಬಂಗಾರಂ!" ಅಂದರು.

ಬಂಡಿ ಬಂಗಾರವಂತೆ. ಮನೆಗೆ ಬಂದು ಮಾವನವರು ಆ ಮಾತನ್ನು ಖುಷಿಯಿಂದ ಹೇಳಿದಾಗ ನನಗೆ ಎದೆಗೆ ಒದ್ದ ಹಾಗಾಯಿತು. ಗಾಡಿಯಲ್ಲಿ ಏನೂ ದೋಷವಿಲ್ಲ ಅಂದರೆ ದೋಷ ಎಲ್ಲಿದೆ?

ಆದರೆ ಅವರು ಗೂಡು ತರಲು ಹೋದಾಗ ಅದು ನಿಲ್ಲುತ್ತಲೇ ಇತ್ತಂತೆ. ನಾನು "ಅಂತೆ" ಎಂದೇ ಹೇಳಬೇಕು, ಕಂಡವಳಲ್ಲವಲ್ಲ. ಚೆನ್ನಾಗಿ ಓಡುತ್ತಿದ್ದದ್ದು ಇದ್ದಕ್ಕಿದ್ದ ಹಾಗೆ ಶಕ್ತಿ ಕಳೆದುಕೊಂಡು, ಕೆಮ್ಮಿ, ನಿಂತುಬಿಡುವುದು. ಸ್ವಲ್ಪ ಹೊತ್ತು ಬಿಟ್ಟು ಗಾಳಿ ತೆಗೆದು ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಹೊರಡುವುದು. ಆ ಸ್ವಲ್ಪ ಹೊತ್ತಿನಲ್ಲಿ ಯಾರು ಏನು ಮಾಡಿದರೂ ಅದೇ ಮದ್ದು! ಮಂಡಿಕಲ್ಲಿನ ಹತ್ತಿರ ನಿಂತಾಗ ಹೊಲದಲ್ಲಿದ್ದ ರೈತನೊಬ್ಬ ಒಂದು ಬಿಂದಿಗೆ ನೀರು ತಂದು ಪಂಪಿನ ಮೇಲೆ ಹುಯ್ದ; ಹೊರಟಿತು. ಸರಿ, ಇನ್ನು ಬಿಂದಿಗೆ ವ್ಯಾನಿನಲ್ಲೇ. ಇನ್ನೊಂದು ಸಲ ಅತ್ತೆ ಕೊಟ್ಟ ನಿಂಬೆಹಣ್ಣನ್ನು ಗಾಲಿಯ ಕೆಳಗಿಟ್ಟರು; ಅದನ್ನು ಪಚಕ್ಕೆಂದು ಹಿಸುಕಿಕೊಂಡು ಹೊರಟಿತು. ನಮ್ಮ ಗೂಡು ಕೊಳ್ಳುತ್ತಿದ್ದ ಪಕ್ಕದ ಬೀದಿಯ ಸಾಹೇಬರು ಸ್ಟೀರಿಂಗಿಗೆ ಒಂದು ತಾಯತ ಕಟ್ಟಿಸಿದರು. ಅದಾದ ಮೇಲೆ ಸುಮಾರು ದಿನ ನಿಲ್ಲಲೇ ಇಲ್ಲ, ಸಾಹೇಬರು ಮೀಸೆ ತಿರುವಿಕೊಂಡು ಓಡಾಡಿದರು. ಆಮೇಲೆ ಮತ್ತೆ ನಿಂತಿತು. ಎಲ್ಲರ ಮದ್ದೂ ಗೆದ್ದಿತು, ರೋಗ ಮಾತ್ರ ಹಾಗೇ ಉಳಿಯಿತು.

ನಾನು ವ್ಯಾನು ಹತ್ತುವ ಹಾಗಾದದ್ದು ಅತ್ತೆಯ ದೆಸೆಯಿಂದ. ವಿದುರಾಶ್ವತ್ಥದ ಅರಳಿಮರ ಸುತ್ತಿ ಬಂದರೆ ಮುಂದಿನ ಮಗು ಗಟ್ಟಿಯಾಗಿ ನಿಲ್ಲುತ್ತದೆ ಎಂದು ಅವರು ಹರಕೆ ಹೇಳಿಕೊಂಡಿದ್ದರು. ಗೌರಿಬಿದನೂರಿನ ಕಡೆ ಗೂಡಿಗೆ ಹೋಗುವಾಗ ನನ್ನನ್ನು ಅಲ್ಲಿ ಬಿಟ್ಟು, ಬರುವಾಗ ಕರೆದುಕೊಂಡು ಬರುವುದೆಂದು ತೀರ್ಮಾನವಾಯಿತು. ಮೊದಲ ಸಲ ಅತ್ತೆಯೂ ಬಂದರು. ಡೀಸೆಲ್ ವಾಸನೆಗೆ ಅವರ ಹೊಟ್ಟೆ ತೊಳಸಿ, ದಾರಿಯುದ್ದಕ್ಕೂ ತಲೆ ಕಿಟಕಿಯ ಹೊರಗೇ. "ಈ ಪೀಡೆ ಸಾವಾಸ ನಂಗ್ ಬ್ಯಾಡಮ್ಮಾ. ಇನ್ ಮೇಲೆ ನೀವೇ ಹೋಗ್ಬನ್ನಿ" ಎಂದುಬಿಟ್ಟರು. ದೇವರು ಒಳ್ಳೆಯವನು.

ಆ ಪ್ರಯಾಣಗಳು ಈಗ ನನಗೆ ನಿದ್ದೆಯಲ್ಲಿ ಕಂಡ ಹಾಗಿವೆ. ಬೆಳಗಿನ ಮಂಜಿನಲ್ಲಿ ನಂದಿಬೆಟ್ಟ ಒಂದು ಕಡೆಯಿಂದ ಮಲಗಿದ ಹಾಗೆ, ಇನ್ನೊಂದು ಕಡೆಯಿಂದ ಎದ್ದು ಕೂತ ಹಾಗೆ ಕಾಣುತ್ತಿತ್ತು. ದಾರಿಯ ಎರಡೂ ಕಡೆ ಹಿಪ್ಪುನೇರಳೆ ತೋಟ, ಅದರಲ್ಲಿ ಸೊಪ್ಪು ಕೀಳುವ ಹೆಂಗಸರ ತಲೆಗಳು. ನಡುವಿನ ಡಬ್ಬ ಬಿಸಿಯಾಗಿ ನನ್ನ ಮಂಡಿಗೆ ಹಿತವಾಗುತ್ತಿತ್ತು. ವಿದುರಾಶ್ವತ್ಥದಲ್ಲಿ ಎಣಿಕೆಗೆ ಸಿಗದಷ್ಟು ನಾಗರಕಲ್ಲುಗಳು, ಅರಿಶಿನ ಕುಂಕುಮ ಮೆತ್ತಿಕೊಂಡು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಕಟ್ಟೆಯ ಮೇಲೆ, ಸ್ವಾತಂತ್ರ್ಯದ ಹೋರಾಟದಲ್ಲಿ ಅಲ್ಲೇ ನಡೆದ ಗೋಲಿಬಾರಿನ ಕಥೆ ಹೇಳುತ್ತಾ ಮುದುಕರು ಕೂತಿರುತ್ತಿದ್ದರು. ನಾನು ಮರ ಸುತ್ತುತ್ತಿದ್ದೆ. ಒದ್ದೆ ಸೆರಗಿಗೆ ಗಾಳಿ ತಾಗಿದರೆ ಯಾರೋ ಚಿಕ್ಕ ಕೈಯಲ್ಲಿ ಎಳೆದ ಹಾಗಾಗುತ್ತಿತ್ತು. ತಿರುಗಿ ನೋಡುತ್ತಿದ್ದೆ, ಯಾರೂ ಇರುತ್ತಿರಲಿಲ್ಲ.

ನನ್ನ ಮೈ ಇನ್ನೂ ಹಸಿ ಎಂದು ಅವರು ಎತ್ತಿನ ಗಾಡಿಯ ಹಾಗೆ ಮೆಲ್ಲಗೆ ಓಡಿಸುತ್ತಿದ್ದರು. ವ್ಯಾನು ನಿಲ್ಲಲಿಲ್ಲ. ಹೋಗುವಾಗಲೂ ಇಲ್ಲ, ಬರುವಾಗಲೂ ಇಲ್ಲ. ಮತ್ತೆ ಹೋದೆವು, ಮತ್ತೆ ನಿಲ್ಲಲಿಲ್ಲ. ಹಾಳಾದ್ದು ಕುದುರೆಯ ಹಾಗೆ ಓಡಿತು. ಮನೆ ಮುಟ್ಟಿದಾಗಲೆಲ್ಲ ನನ್ನ ಜೀವ ಇನ್ನಷ್ಟು ಕುಸಿಯುತ್ತಿತ್ತು. ಗಾಡಿ ನಿಲ್ಲದಿರಲಪ್ಪಾ ಎಂದು ಜನ ದೇವರಿಗೆ ಬೇಡಿಕೊಳ್ಳುತ್ತಾರೆ. ನಾನು ಆ ನಾಗರಕಲ್ಲುಗಳ ಮುಂದೆ ಕೈಮುಗಿದು, ಅಪ್ಪಾ, ನನ್ನ ಕಣ್ಣೆದುರಿಗೆ ಒಂದೇ ಒಂದು ಸಲ ಇದನ್ನು ನಿಲ್ಲಿಸು ಎಂದು ಬೇಡಿಕೊಂಡೆ. ಮಗು ಕೊಡು ಎಂದು ಕೇಳಲು ಕಳಿಸಿದ್ದ ಅತ್ತೆಗೆ ಇದು ಗೊತ್ತಾಗಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದರು.

ದೇವರು ಕೇಳಿಸಿಕೊಂಡ. ಒಂದು ದಿನ ಗೌರಿಬಿದನೂರಿನ ಕಡೆಯ ರೈತರೊಬ್ಬರು ಕೊಟ್ಟ ಗೂಡು ವಯಸ್ಸಾದದ್ದು. ಒಳಗಿನ ಹುಳು ಚಿಟ್ಟೆಯಾಗಿ ಹೊರಬಂದರೆ ಗೂಡು ತೂತಾಗಿ ನೂಲು ಹಾಳು. ಗೂಡು ಬೇಯಿಸುವ ಸಾಹೇಬರ ಒಲೆಗೆ ಬೇಗ ಮುಟ್ಟಿಸಬೇಕೆಂದು ಇವರು ಜೋರಾಗಿ ಬಿಟ್ಟರು. ತೊಂಡೇಬಾವಿಯ ಹತ್ತಿರ, ರೈಲು ಹಳಿ ಕಾಣುವಷ್ಟರಲ್ಲಿ, ಪಕ್ಕದ ಡಬ್ಬದೊಳಗಿಂದ ಒಂದು ಕೆಮ್ಮು ಬಂತು. ಇನ್ನೊಂದು ಬಂತು. ವ್ಯಾನಿನ ಮೈಯೆಲ್ಲ ಒಂದು ಸಲ ನಡುಗಿ, ಉಸಿರು ಬಿಟ್ಟು, ನಿಂತೇ ಹೋಯಿತು.

"ನಿಂತ್ಯಾ! ಅಯ್ಯೋ ನನ್ ತಾಯೀ, ನಿಂತೇಬಿಟ್ಯಾ!" ಎಂದು ನಾನು ಆ ಡಬ್ಬವನ್ನು ಎರಡೂ ಕೈಯಲ್ಲಿ ತಟ್ಟಿದೆ.

ಅವರು ನನಗೆ ಹುಚ್ಚು ಹಿಡಿಯಿತೇ ಎಂಬಂತೆ ನೋಡಿದರು. "ಇದ್ಯಾಕೆ ಹಿಂಗಾಡ್ತೀಯಾ? ಗೂಡು ಹಾಳಾಗ್ತದೆ ಕಣೇ."

"ಆಗ್ಲಿ ಬಿಡಿ!" ಎಂದೆ. ಕುಣಿಯುವುದೊಂದು ಬಾಕಿ.

ಎಂಜಿನ್ನಿನ ಸದ್ದು ನಿಂತ ಮೇಲೆ ಲೋಕದ ಸದ್ದು ಒಂದೊಂದಾಗಿ ಬಂದು ಕಿವಿಯಲ್ಲಿ ಕೂತಿತು. ಕಾದ ಕಬ್ಬಿಣ ಟಿಕ್ ಟಿಕ್ ಎಂದು ಆರುತ್ತಿತ್ತು. ದೂರದಲ್ಲಿ ಯಾರೋ ಏತದ ನೀರು ಸುರಿಯುತ್ತಿದ್ದರು. ಹಿಂದೆ ಬುಟ್ಟಿಗಳಲ್ಲಿ ಸರಸರ ಎಂದಿತು. ತಿರುಗಿ ನೋಡಿದರೆ ಗೂಡುಗಳ ತುದಿ ಒದ್ದೆಯಾಗಿ, ಬೆಳ್ಳನೆಯ ಚಿಟ್ಟೆಗಳು ಒಂದೊಂದೇ ಹೊರಗೆ ಬರುತ್ತಿವೆ. ರೇಷ್ಮೆಯ ಚಿಟ್ಟೆ ಹಾರುವುದಿಲ್ಲ, ಸುಮ್ಮನೆ ರೆಕ್ಕೆ ನಡುಗಿಸುತ್ತದೆ. ಬುಟ್ಟಿಯ ಅಂಚು, ಸೀಟಿನ ಬೆನ್ನು, ನನ್ನ ಸೆರಗು, ಎಲ್ಲೆಲ್ಲೂ ಬಂದು ನಡುಗುತ್ತಾ ಕೂತವು. ಒಂದು ನನ್ನ ಬೆರಳಿಗೆ ಹತ್ತಿತು. ಅದರ ತೂಕ ನನಗೆ ಗೊತ್ತಿದ್ದ ಯಾವುದೋ ತೂಕದ ಹಾಗಿತ್ತು. ರೈಲೊಂದು ಹೊಗೆ ಬಿಡುತ್ತಾ ಹೋಯಿತು, ಅದರ ಹೊಗೆ ಬಹಳ ಹೊತ್ತು ಹೊಲದ ಮೇಲೆಯೇ ನಿಂತಿತ್ತು. ನನಗೆ ಜೊಂಪು ಹತ್ತಿತು. ಜೊಂಪಿನಲ್ಲಿ ಹಿಂದಿನ ಬುಟ್ಟಿಯೊಂದರಲ್ಲಿ ಮಗು ಮಲಗಿತ್ತು, ಚಿಟ್ಟೆಗಳು ಅದಕ್ಕೆ ಗಾಳಿ ಬೀಸುತ್ತಿದ್ದವು. ಮಗುವೂ ಗಾಡಿ ಹೊರಡಲಿ ಎಂದು ಅವಸರ ಮಾಡುತ್ತಿರಲಿಲ್ಲ. ಯಾವಾಗಲೋ ಇವರು ಗಾಳಿ ತೆಗೆದು ಕೀಲಿ ತಿರುಗಿಸಿದರು, ಗಾಡಿ ಹೊರಟಿತು. ಆ ದಿನದ ಗೂಡು ಪೂರಾ ಹಾಳು. ಮಾವನವರು ಕೂಗಾಡಿದರು. ನಾನು ನಗುನಗುತ್ತಾ ಬಡಿಸಿದೆ.

ಆ ನಗು ಹೆಚ್ಚು ದಿನ ಬಾಳಲಿಲ್ಲ. ವ್ಯಾನು ನಿಲ್ಲುವುದು ನಿಜ, ಸರಿ. ಆದರೆ ಇದು ಯಾವಾಗಲೋ ಒಮ್ಮೆ ನಿಂತು, ಸ್ವಲ್ಪ ಹೊತ್ತಿಗೇ ಹೊರಡುವ ಗಾಡಿ. ಬೆಳಗ್ಗೆ ಹೊರಟು ಸಂಜೆ ಮುಟ್ಟುವಷ್ಟು ಹೇಗೆ ನಿಂತೀತು? ಪಕ್ಕದ ಮನೆಯಾಕೆಯ ಪಿಸುಮಾತು ಮತ್ತೆ ಕಿವಿಗೆ ಬಂತು. ಆಮೇಲೂ ಎಷ್ಟೋ ಸಲ ದಾರಿಯಲ್ಲಿ ನಿಂತೆವು. ಯಾವುದು ಮೊದಲು, ಯಾವುದು ಆಮೇಲೆ ಎಂದು ಈಗ ನೆನಪಿಗೆ ಬರುವುದಿಲ್ಲ. ಒಂದು ಕಡೆ ಹುಣಿಸೆ ನೆರಳು, ಒಂದು ಕಡೆ ಕೆರೆಯ ಏರಿ, ಒಂದು ಕಡೆ ರಾಗಿ ತೆನೆಯ ಮೇಲೆ ಮಳೆ ಬರುವ ಮೊದಲಿನ ಕಂದು ಬೆಳಕು. ನಾವಿಬ್ಬರೂ ವ್ಯಾನಿನ ನೆರಳಿನಲ್ಲಿ ಕೂತಿರುತ್ತಿದ್ದೆವು. ನಾನು ಅವರು ಮಗುವಿನ ಮಾತೆತ್ತಲಿ ಎಂದು ಕಾಯುತ್ತಿದ್ದೆ. ಅವರು ಹುಲ್ಲುಕಡ್ಡಿ ಕಚ್ಚಿಕೊಂಡು ಗಾಡಿಯ ಹೊಟ್ಟೆಯನ್ನೇ ನೋಡುತ್ತಿದ್ದರು.

ಕೊನೆಗೆ ಗುಟ್ಟು ಒಡೆದದ್ದು ರಸ್ತೆಯಲ್ಲಲ್ಲ, ಸಾಹೇಬರ ಮನೆಯ ಹಿತ್ತಲಿನಲ್ಲಿ. ಅಲ್ಲಿ ಸಾಹೇಬರ ಹೆಂಡತಿ ಬೀಬಿ ಬಿಸಿನೀರಿನ ತೊಟ್ಟಿಯ ಮುಂದೆ ಕೂತು ನೂಲು ಬಿಚ್ಚುತ್ತಿದ್ದರು, ಸೊಸೆ ರಾಟೆ ತಿರುಗಿಸುತ್ತಿದ್ದಳು. ನೀರಿನಲ್ಲಿ ಗೂಡುಗಳು ತೇಲುತ್ತಿರುತ್ತವೆ. ಅವುಗಳ ಎಳೆಗಳೆಲ್ಲ ಸೇರಿ ಒಂದು ಬಿಲ್ಲೆಯ ಸಣ್ಣ ತೂತಿನ ಮೂಲಕ ಮೇಲೆ ರಾಟೆಗೆ ಹೋಗುತ್ತವೆ. ನಾನು ಹರಟೆಗೆಂದು ಹೋದವಳು ಹೊಸಿಲ ಮೇಲೆ ಕೂತಿದ್ದೆ. ಸೊಸೆಗೆ ಅಡುಗೆಗೆ ಹೊತ್ತಾಗಿತ್ತೋ ಏನೋ, ಬಿರಬಿರನೆ ತಿರುಗಿಸಿದಳು. ನೀರಿನಿಂದ ಒಂದು ಗೂಡು ಟಪ್ಪನೆ ಹಾರಿ ಆ ತೂತಿಗೆ ಹೋಗಿ ಕೂತಿತು. ಎಳೆ ನಿಂತಿತು, ರಾಟೆ ಬಿಗಿಯಿತು.

"ಆಹಿಸ್ತಾ ಬೇಟಿ, ಆಹಿಸ್ತಾ!" ಬೀಬಿ ಗದರಿದರು. "ಜೋರಾಗಿ ಎಳೆದ್ರೆ ಹಾರ್ತದೆ ಅಂತ ಎಷ್ಟ್ ಸಲ ಹೇಳ್ಲಿ? ಬಿಡು ಈಗ, ಸುಮ್ನಿರು. ಅದೇ ಬೀಳ್ತದೆ."

ಸೊಸೆ ಕೈ ಬಿಟ್ಟಳು. ರಾಟೆಯ ಎಳೆತ ಸಡಿಲವಾಯಿತು. ಯಾರೂ ಮುಟ್ಟಲಿಲ್ಲ, ಏನೂ ಮಾಡಲಿಲ್ಲ. ಗೂಡು ತಾನೇ ಕಳಚಿ ಮತ್ತೆ ನೀರಿಗೆ ಬಿತ್ತು. ರಾಟೆ ಏನೂ ಆಗಿಲ್ಲವೆಂಬಂತೆ ತಿರುಗತೊಡಗಿತು.

ಚಪ್ಪಲಿಯನ್ನೂ ಮೆಟ್ಟದೆ ಮನೆಗೆ ಓಡಿದೆ. ಇವರು ವ್ಯಾನಿನ ಕೆಳಗೆ ಅಂಗಾತ ಮಲಗಿದ್ದರು, ಕಾಲು ಮಾತ್ರ ಕಾಣುತ್ತಿತ್ತು. ಆ ಕಾಲಿಗೇ ಕೇಳಿದೆ, "ರೀ, ಇದು ನಿಲ್ಲೋದು ಯಾವಾಗ? ಜೋರಾಗಿ ಬಿಟ್ಟಾಗ ಅಲ್ವಾ?"

ಕಾಲು ಅಲ್ಲಾಡುವುದನ್ನು ನಿಲ್ಲಿಸಿತು.

"ನನ್ನ ಕೂರಿಸ್ಕೊಂಡು ಮೆಲ್ಲಗೆ ಹೋದಾಗ ನಿಲ್ಲಲಿಲ್ಲ. ಮೆಕ್ಯಾನಿಕ್ಕು ಸಂತೇಲಿ ಸುತ್ತು ಹೊಡೆದಾಗ ನಿಲ್ಲಲಿಲ್ಲ. ಚಿಟ್ಟೆ ಬಂದ ದಿನ ಓಡಿಸಿದ್ರಿ, ನಿಂತ್ಕೊತು. ಟ್ಯಾಂಕಿನೊಳಗೆ ಏನೋ ಐತೆ ಕಣ್ರೀ. ಎಂಜಿನ್ನು ಜೋರಾಗಿ ಎಳೆದ್ರೆ ಪೈಪಿನ ಬಾಯಿಗೆ ಹೋಗಿ ಕೂತ್ಕೊತದೆ. ಎಂಜಿನ್ನು ನಿಂತ್ರೆ ಬಿಟ್ಕೊತದೆ. ತೊಟ್ಟೀಲಿ ಗೂಡು ಹಾರೋ ಹಂಗೆ."

ಅವರು ಕೆಳಗಿನಿಂದ ತೆವಳಿಕೊಂಡು ಹೊರಗೆ ಬಂದರು. ಮುಖದ ತುಂಬ ಮಸಿ. ನನ್ನನ್ನು ನೋಡಿದರು, ಟ್ಯಾಂಕನ್ನು ನೋಡಿದರು. ಅಷ್ಟು ದಿನ ಎಲ್ಲರೂ ಎಂಜಿನ್ನು ಬಿಚ್ಚಿದ್ದರೇ ಹೊರತು ಟ್ಯಾಂಕು ಬಿಚ್ಚಿರಲಿಲ್ಲ.

ದೊಡ್ಡ ಹಂಡೆಗಳಿದ್ದದ್ದು ಸಾಹೇಬರ ಹಿತ್ತಲಿನಲ್ಲಿ, ಅಲ್ಲಿಗೇ ವ್ಯಾನು ತಂದು ಟ್ಯಾಂಕು ಇಳಿಸಿದರು. ಡೀಸೆಲ್ ಬಗ್ಗಿಸುತ್ತಾ ಹೋದ ಹಾಗೆ ಕೊನೆಯಲ್ಲಿ ಏನೋ ಮೆತ್ತನೆಯದು ಬಾಯಿಗೆ ಬಂದು ಕೂತು ಧಾರೆ ನಿಂತಿತು. ಅವರು ಬೆರಳು ಹಾಕಿ ಎಳೆದರು. ನೆನೆದು ಕಪ್ಪಾದ ಒಂದು ಮುದ್ದೆ. ಅಂಗೈಯಲ್ಲಿಟ್ಟು ಹಿಂಡಿದರು. ಹಿಂಡಿದ ಹಾಗೆ ಕಪ್ಪು ಸೋರಿ ಒಳಗಿನಿಂದ ಗೂಡಿನ ಹಳದಿ ಕಂಡಿತು, ಎಳೆ ಎಳೆಯಾಗಿ. ಸಾಹೇಬರು ಬಗ್ಗಿ ನೋಡಿ, "ಅರೆ, ಜುಂಗು!" ಎಂದರು.

ನಮ್ಮವರು ಅದನ್ನು ಅಂಗೈಯಲ್ಲಿ ಹಿಡಿದುಕೊಂಡೇ ನೆಲದ ಮೇಲೆ ಕೂತರು. "ದಿಂಬಿಂದು" ಎಂದರು. ಬೇರೆ ಯಾರಿಗೂ ಅದು ಅರ್ಥವಾಗಲಿಲ್ಲ.

ಸಾಹೇಬರೂ ಬೀಬಿಯೂ ಮೆಲ್ಲಗೆ ಒಳಗೆ ಹೋದರು. ನಾನು ಇವರ ಎದುರು ಕೂತು, ಅಷ್ಟು ದಿನ ನುಂಗಿಕೊಂಡಿದ್ದನ್ನು ಕೇಳಿಯೇಬಿಟ್ಟೆ. "ಅವತ್ತು ಏನಾಯ್ತು?"

"ಕಂಡಕ್ಟರು ಹೇಳಿದ್ ತಕ್ಷಣ ಹೊರಟೆ ಕಣೇ. ಎಕ್ಸಿಲೇಟರ್ ಮೇಲಿಂದ ಕಾಲೇ ತೆಗೀಲಿಲ್ಲ. ಊರು ದಾಟಿ ಸ್ವಲ್ಪ ದೂರಕ್ಕೇ ನಿಂತೋಯ್ತು. ಹೊತ್ತಾಯ್ತಲ್ಲ ಅಂತ ಇನ್ನೂ ಜೋರಾಗಿ ಬಿಟ್ಟೆ. ಮತ್ತೆ ನಿಂತ್ಕೊತು. ಬೇಗ ಹೋಗಣ ಅಂತ ಜೋರು ಮಾಡಿದಂಗೆಲ್ಲ ನಿಂತ್ಕೊತು. ಪೂರ್ತಿ ಕೆಟ್ಟೋಗಿದ್ರೆ ಬಿಟ್ಟಾಕಿ ಓಡ್ಕೊಂಡಾದ್ರೂ ಬರ್ತಿದ್ದೆ. ಅದು ಪೂರ್ತಿ ಕೆಡ್ಲೇ ಇಲ್ಲ. ಇನ್ನೇನು ಹೊರಡ್ತದೆ, ಇನ್ನೇನು ಹೊರಡ್ತದೆ ಅಂತ..." ಕೈಯಲ್ಲಿದ್ದ ಮುದ್ದೆಯನ್ನು ಮತ್ತೆ ಹಿಂಡಿದರು. ಮದುವೆಯಾದಂದಿನಿಂದ ಅವರು ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ನಿಧಾನಕ್ಕೆ ಬಂದವರಾಗಿದ್ದರೆ ಮಗು ಇರುವಾಗಲೇ ಬಂದು ಮುಟ್ಟುತ್ತಿದ್ದರು. ಮಗುವನ್ನು ನೋಡಬೇಕೆಂದು ಜೀವ ಕೈಯಲ್ಲಿ ಹಿಡಿದುಕೊಂಡು ಓಡಿಸಿದ್ದಕ್ಕೇ ವ್ಯಾನು ಅಷ್ಟು ಸಲ ನಿಂತದ್ದು, ಅಷ್ಟು ತಡವಾದದ್ದು. ಆ ಮುದ್ದೆಯನ್ನು ನೋಡುತ್ತಾ ಇದು ನನಗೆ ತಿಳಿದಾಗ ನಾನು ಜೋರಾಗಿ ಅತ್ತೆ. ದುಃಖಕ್ಕೆ ಅತ್ತೆನೋ ಸಮಾಧಾನಕ್ಕೆ ಅತ್ತೆನೋ ಗೊತ್ತಿಲ್ಲ. ಈ ಮನುಷ್ಯನನ್ನು ಅಷ್ಟು ದಿನ ಒಬ್ಬನೇ ಬಿಟ್ಟೆನಲ್ಲ ಎಂದು ಸಂಕಟವಾಯಿತು. ಬೀಬಿ ಒಳಗಿನಿಂದ ಬಂದು ಏನೂ ಕೇಳದೆ ನನ್ನ ತಲೆಯನ್ನು ತಮ್ಮ ಹೆಗಲಿಗೆ ಒತ್ತಿಕೊಂಡರು.

ಅದಾದ ಮೇಲೆ ವ್ಯಾನು ನಿಲ್ಲಲಿಲ್ಲ. ಎಷ್ಟು ಜೋರಾಗಿ ಬಿಟ್ಟರೂ ನಿಲ್ಲಲಿಲ್ಲ. ಬಿಂದಿಗೆ ಅಡುಗೆಮನೆಗೆ ವಾಪಸು ಬಂತು. ತಾಯತವನ್ನು ಮಾತ್ರ ಸಾಹೇಬರ ಮೇಲಿನ ಮರ್ಯಾದೆಗೆ ಹಾಗೇ ಬಿಟ್ಟೆವು. ಕೆಲವು ದಿನ ಕಳೆದು ನನ್ನ ತವರಿಗೆ ಹೊರಟೆವು. ಚಿಂತಾಮಣಿ ದಾಟಿತು. ಊರು ಹತ್ತಿರವಾಗಿ ನಮ್ಮ ಹೊಲದ ಬದು, ಅದರ ಮೇಲಿನ ಹೊಂಗೆ ಮರ ಕಾಣಿಸಿತು. ಹೂ ಬಿಟ್ಟ ಕಾಲ. ಮರದ ಕೆಳಗೆ ನೆಲವೆಲ್ಲ ಅದರ ಹೂವು ಉದುರಿ ಬೆಳ್ಳಗಿತ್ತು. ನೋಡುತ್ತಿದ್ದಂತೆ ವ್ಯಾನು ಮೆಲ್ಲಗಾಯಿತು, ಪಕ್ಕಕ್ಕೆ ಸರಿಯಿತು, ಎಂಜಿನ್ನು ಸುಮ್ಮನಾಯಿತು.

ನಾನು ಡಬ್ಬದ ಮೇಲೆ ಕೈಯಿಟ್ಟೆ. "ಅಯ್ಯೋ, ಮತ್ತೆ ನಿಂತೋಯ್ತಾ?"

"ಇಲ್ಲ" ಎಂದರು. "ನಾನೇ ನಿಲ್ಲಿಸ್ದೆ."

ಕಬ್ಬಿಣ ಟಿಕ್ ಟಿಕ್ ಎಂದು ಆರತೊಡಗಿತು. ಅವರು ಎರಡೂ ಕೈ ಸ್ಟೀರಿಂಗಿನ ಮೇಲಿಟ್ಟುಕೊಂಡು ಮರವನ್ನೇ ನೋಡುತ್ತಿದ್ದರು. ನನ್ನ ಕಡೆ ತಿರುಗದೆ ಕೇಳಿದರು.

"ಯಾರ ಹಂಗಿತ್ತು?"

ನಾನು ಹೇಳಿದೆ. ಹಣೆ ನಮ್ಮಮ್ಮನದು, ಅಗಲ. ಕೂದಲು ನೆತ್ತಿಯ ಮೇಲೆ ಒಂದಿಷ್ಟು ದಟ್ಟವಾಗಿತ್ತು. ಬೆರಳು ನನ್ನ ಬೆರಳನ್ನು ಹಿಡಿದುಕೊಂಡರೆ ಬಿಡುತ್ತಲೇ ಇರಲಿಲ್ಲ. "ಕಿವಿ ಮಾತ್ರ ನಿಮ್ದೇ ಕಣ್ರೀ. ಮೇಲ್ಗಡೆ ಹಿಂಗೆ ಒಂಚೂರು ಮಡಚ್ಕೊಂಡಿತ್ತು."

ಅವರು ಮಸಿ ಹಿಡಿದ ಬೆರಳು ಎತ್ತಿ ತಮ್ಮ ಕಿವಿಯ ತುದಿಯನ್ನು ಮುಟ್ಟಿಕೊಂಡರು, ಇಷ್ಟು ವರ್ಷ ಅದು ಅಲ್ಲಿದೆಯೆಂದು ಗೊತ್ತೇ ಇರಲಿಲ್ಲವೆಂಬಂತೆ.

"ಹ್ಞೂಂ" ಎಂದರು. "ಆಮೇಲೆ?"

ನಾನು ಹೇಳುತ್ತಾ ಹೋದೆ. ಹೊರಡುವ ಅವಸರ ಯಾರಿಗೂ ಇರಲಿಲ್ಲ.